ಬೇಸಿಗೆಯ ಗುಡ್ಡ ನೋಡಿದ್ದ ಖಾದರಲಿಂಗಪ್ಪ

ಇಬ್ಬರು ನಿಂತು ಮಾತಾಡುತ್ತಿದ್ದರೆ ಖಾದರಲಿಂಗಪ್ಪ ಅವರ ನಡುವೆ ನೆಟ್ಟಗೆ ಹಾದುಹೋಗುತ್ತಿರಲಿಲ್ಲ. ಸೊಂಟದವರೆಗೆ ಬಗ್ಗಿ, ಕಣ್ಣಿಗೆ ಕಾಣದ ಹಗ್ಗವೊಂದರ ಕೆಳಗೆ ನುಸುಳುವವರ ಹಾಗೆ ದಾಟಿ, ಆಚೆ ಹೋದ ಮೇಲೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಹೊಸಪೇಟೆಯ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲೂ ಹಾಗೇ. ನೋಡಿದವರು ಮುದುಕನಿಗೆ ಬೆನ್ನುನೋವಿರಬೇಕು ಎಂದುಕೊಳ್ಳುತ್ತಿದ್ದರು. ಪರಿಚಯವಾದ ಮೂರನೆಯ ದಿನ ನಾನು ಕೇಳಿಯೇ ಬಿಟ್ಟೆ.

“ಇಬ್ರು ಒಬ್ರನ್ನೊಬ್ರು ನೋಡಾಕತ್ತಾರಂದ್ರ ನಡುವ ಒಂದು ಲೈನ್ ಇರತೈತ್ರಿ ಮೇಡಂ,” ಅಂದರು. “ಅದನ್ನ ಕಡೀಬಾರ್ದು.”

ನಾನು ಅವರನ್ನು ಮೊದಲು ನೋಡಿದ್ದು ಮಾರ್ಚ್ ನಾಲ್ಕರಂದು, ಸಂಡೂರಿನ ಗುಡ್ಡಸಾಲಿನ ಮೇಲಿರುವ ಮೇಲಹಟ್ಟಿಯಲ್ಲಿ. ಮೂವತ್ತೇಳು ಮನೆಗಳ ಊರು. ಬಸ್ಸಿಳಿದ ಮೇಲೆ ಐದು ಕಿಲೋಮೀಟರ್ ಏರುದಾರಿ. ನನ್ನ ಹೆಜ್ಜೆಯ ಲೆಕ್ಕದಲ್ಲಿ ಏಳು ಸಾವಿರದ ಇನ್ನೂರು ಚಿಲ್ಲರೆ. ಫೋನು ಹಿಡಿಯುತ್ತಿದ್ದದ್ದು ಒಂದು ಹುಣಸೆಮರದ ಕೆಳಗೆ ಮಾತ್ರ, ಅದೂ ಮಾತಿಗಷ್ಟೇ. ಒಂದು ಸಂಸ್ಥೆಯವರು ಅಲ್ಲಿಯ ಹಳೆಯ ಶಾಲೆಯ ಕೋಣೆಯಲ್ಲಿ ಕಲಿಕಾ ಕೇಂದ್ರ ತೆರೆದು, ಆಗಷ್ಟೇ ಬಿ.ಎ. ಮುಗಿಸಿದ್ದ ನನ್ನನ್ನು ಅದಕ್ಕೆ ನೇಮಿಸಿದ್ದರು. ಗುಡ್ಡದ ಮೇಲಕ್ಕೆ ಇಂಟರ್ನೆಟ್ ತರುವ ಕೆಲಸವನ್ನು ಹೊಸಪೇಟೆಯ ಕಂಪನಿಯೊಂದಕ್ಕೆ ವಹಿಸಿದ್ದರು. ಆ ಕಂಪನಿ ಕಳಿಸಿದ್ದು ಖಾದರಲಿಂಗಪ್ಪನವರನ್ನು.

ಅರವತ್ತರ ಹತ್ತಿರದ ವಯಸ್ಸು. ಕಡ್ಡಿಯಂಥ ಕಾಲುಗಳು. ಸದಾ ಅರ್ಧ ಮುಚ್ಚಿಕೊಂಡಿರುವ ಎಡಗಣ್ಣು. ಅಂಗಿಯ ಮೇಲಿನ ಗುಂಡಿಗೆ ದಾರ ಕಟ್ಟಿ, ಅದರ ತುದಿಗೆ ಗಡ್ಡ ಹೆರೆದುಕೊಳ್ಳುವ ಪುಟ್ಟ ದುಂಡುಕನ್ನಡಿ ಕಟ್ಟಿ, ಜೇಬಿನಲ್ಲಿ ಇಳಿಬಿಟ್ಟಿರುತ್ತಿದ್ದರು. ಹೆಸರು ಕೇಳಿ ನಾನು ಕಣ್ಣರಳಿಸಿದ್ದನ್ನು ನೋಡಿ, “ನಮ್ಮವ್ವ ದರ್ಗಾಕ್ಕ ಹರಕಿ ಹೊತ್ತಿದ್ಲ್ರಿ. ಹೆಸರು ಅರ್ಧ ಅವರದು, ಅರ್ಧ ನಮ್ಮದು. ನಡಕೊಂಡು ಹೋಗಿದ್ದು ಮಾತ್ರ ಪೂರಾ ನಮ್ಮವ್ವನ ಕಾಲು,” ಎಂದು ನಕ್ಕರು.

ಇಪ್ಪತ್ತಾರು ವರ್ಷ ಅವರು ಅದಿರಿನ ಗಣಿಗಳಲ್ಲಿ ಸರ್ವೆಯವರಿಗೆ ಅಳತೆಗೋಲು ಹಿಡಿದು ನಿಂತವರು. ದೂರದಲ್ಲಿ ಇಂಜಿನಿಯರು ಯಂತ್ರದ ಕೊಳವೆಯೊಳಗೆ ಕಣ್ಣಿಟ್ಟು ನೋಡುತ್ತಾನೆ. ಇತ್ತ ಇವರು ಕೆಂಪು ಗುಡ್ಡದ ನೆತ್ತಿಯಲ್ಲಿ ಕೋಲು ಹಿಡಿದು ಅಲ್ಲಾಡದೆ ನಿಲ್ಲುತ್ತಾರೆ. ಗಣಿಗಳು ನಿಂತ ಮೇಲೆ ಊರಿನಲ್ಲಿ ಟಿ.ವಿ. ಕೇಬಲ್ ಎಳೆದರು. ಆಮೇಲೆ ಈ ಕೆಲಸ. ಒಂದು ಗುಡ್ಡದ ಮೇಲಿನ ಡಿಶ್ ಇನ್ನೊಂದು ಊರಿನ ಟವರಿನ ಡಿಶ್ಶನ್ನು ನೇರ ನೋಡುವಂತೆ ಕೂರಿಸಬೇಕು. ನಡುವೆ ಏನೂ ಅಡ್ಡ ಬರಬಾರದು. ಇಬ್ಬರು ನೋಡಿಕೊಳ್ಳುವಂತೆ ಮಾಡುವುದು, ಅಷ್ಟೇ. ಅದಕ್ಕೆ ಕಂಪನಿ ಕೊಟ್ಟ ಉಪಕರಣವಿದ್ದರೂ ಅವರು ಮೊದಲು ನಂಬುತ್ತಿದ್ದದ್ದು ಕನ್ನಡಿಯನ್ನು.

ಮಾರ್ಚ್ ಏಳರಂದು ಆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ತಾವು ಸಂಡೂರು ಕಡೆಯ ಟವರಿಗೆ ಹೋದರು. ಅಲ್ಲಿ ಅವರ ಬಳಿ ಇನ್ನೊಂದು ಕನ್ನಡಿ. “ಹತ್ತು ಗಂಟೆಗೆ ಆ ಕಡೆ ಬೆಳಕು ತಿರುಗಿಸ್ರಿ. ನಂಗ ಕಂಡ್ರ ಒಂದು ಸಲ ಮಿಂಚಸ್ತೀನಿ. ಭಾಳ ಚೆಂದ ಕಂಡ್ರ ಎರಡು ಸಲ,” ಎಂದಿದ್ದರು. ಗುಡ್ಡಗಳೆಲ್ಲ ಎಲೆ ಉದುರಿಸಿ ನಿಂತಿದ್ದವು. ಕೊಂಬೆಗಳ ನಡುವಿನಿಂದ ಕಣಿವೆ ಬೂದಿಬಣ್ಣದ ನೀರಿನಂತೆ ಕಾಣುತ್ತಿತ್ತು. ಹತ್ತೂ ಮೂರಕ್ಕೆ ಆ ಬೂದಿಯಲ್ಲಿ, ಹಾಡುಹಗಲಿನಲ್ಲಿ, ಒಂದು ನಕ್ಷತ್ರ ಹುಟ್ಟಿತು. ಆರಿತು. ಮತ್ತೆ ಹುಟ್ಟಿತು. ನಾನು ಎಣಿಸಿದೆ, ಐದು ಸಲ. ಸಂಜೆ ಬಂದವರನ್ನು ಐದಕ್ಕೇನು ಅರ್ಥ ಎಂದು ಕೇಳಿದೆ. “ನಿಲ್ಸಾಕ ಮನಸು ಬರಲಿಲ್ರಿ,” ಅಂದರು.

ನಾಲ್ಕು ದಿನಗಳ ನಂತರ ಕೇಂದ್ರದ ಪರದೆಯ ಮೇಲೆ ಹೊಸಪೇಟೆಯ ನಿವೃತ್ತ ಗಣಿತದ ಮೇಷ್ಟ್ರ ಮುಖ ಮೂಡಿತು. ಪರದೆಯ ಮುಂದೆ ಕುಳಿತವರು ಹದಿನಾಲ್ಕು ಜನ. ಹದಿಮೂರು ಮಕ್ಕಳು, ಮತ್ತು ಹುಲಿಗೆವ್ವ.

ಹುಲಿಗೆವ್ವನಿಗೆ ಆಗ ಮೂವತ್ತೊಂದು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಇಬ್ಬರು ಮಕ್ಕಳ ತಾಯಿ. ಅವಳಿಗೆ ಬೇಕಾಗಿದ್ದದ್ದು ಒಂದೇ, ಹತ್ತನೆಯ ತರಗತಿಯ ಅಂಕಪಟ್ಟಿ. ಹಟ್ಟಿಯ ಅಂಗನವಾಡಿಗೆ ಸಹಾಯಕಿಯರಾಗಿ ಬಂದವರೆಲ್ಲ ಕೆಳಗಿನ ಊರಿನವರು. ಗುಡ್ಡ ಹತ್ತಿ ಹತ್ತಿ ಸಾಕಾಗಿ ಬಿಟ್ಟು ಹೋಗುತ್ತಿದ್ದರು. ನಾನು ಬಂದ ಮೊದಲ ತಿಂಗಳಲ್ಲಿ ಅಂಗನವಾಡಿಯ ಬಾಗಿಲು ತೆರೆದದ್ದು ಒಂಬತ್ತು ದಿನ. ಮುಂದಿನ ವರ್ಷ ಆ ಜಾಗಕ್ಕೆ ಮತ್ತೆ ಅರ್ಜಿ ಕರೆಯುತ್ತಾರೆ ಎಂಬ ಸುದ್ದಿ ಇತ್ತು. ಅಷ್ಟರೊಳಗೆ ಹುಲಿಗೆವ್ವ ಪಾಸಾಗಿದ್ದರೆ ಬಾಗಿಲು ಹಟ್ಟಿಯವಳ ಕೈಗೆ ಬರುತ್ತದೆ. ಇಲ್ಲದಿದ್ದರೆ ಇನ್ನೊಬ್ಬರು ಕೆಳಗಿನಿಂದ ಬರುತ್ತಾರೆ, ಮತ್ತೆ ಬೀಗ.

ಅವಳು ಪುಸ್ತಕ ಹಿಡಿದು ಹೊರಟರೆ ಕಟ್ಟೆಯ ಮೇಲೆ ಕುಳಿತ ಮಾವಂದಿರಲ್ಲಿ ಒಬ್ಬನಾದರೂ ಕೆಣಕುತ್ತಿದ್ದ. “ಏನವ್ವಾ ಹುಲಿಗೆವ್ವ, ಡಿ.ಸಿ. ಆಗ್ತೀಯೇನ?”

“ಆದ್ರ ಮೊದ್ಲು ನಿನ್ನ ಮನಿ ಮುಂದಿನ ತಿಪ್ಪಿ ತಗಸ್ತೀನಿ ತಗೋ ಮಾವ!”

ಖಾದರಲಿಂಗಪ್ಪನವರಿಗೆ ಇದು ಭಾಳ ಇಷ್ಟ. ಡಿಶ್ ಸರಿಯಾಗಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ಬಂದರೆ ಸಾಕಿತ್ತು. ಅವರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಬಂದವರು ಹಿಂದಿನ ಗೋಡೆಗೆ ಒರಗಿ ಕುಳಿತು ಪಾಠ ಕೇಳುತ್ತಿದ್ದರು. ತ್ರಿಕೋನದ ಪಾಠವಿದ್ದ ದಿನ ಅವರ ಮುಖ ನೋಡಬೇಕಿತ್ತು. “ನಾನು ಇದರೊಳಗ ಇಪ್ಪತ್ತಾರು ವರ್ಷ ನಿಂತಿದ್ನಿ ಮೇಡಂ. ಇದಕ್ಕ ಹೆಸರೈತಿ ಅಂತ ಗೊತ್ತೇ ಇರಲಿಲ್ಲ,” ಎಂದರು.

ದಿನವೂ ಪಾಠ ಶುರುವಾಗುವ ಮೊದಲು ನಾನು ಡಿಶ್ಶಿನ ವೈರು ಬಂದು ಸೇರುವ ಡಬ್ಬಿಯ ಪರದೆಯಲ್ಲಿ ಕಾಣುವ ಸಿಗ್ನಲ್ಲಿನ ಅಂಕಿಯನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಐವತ್ತೆಂಟು ಅಂದರೆ ಚೆನ್ನಾಗಿದೆ ಎಂದು ಅವರೇ ಹೇಳಿಕೊಟ್ಟಿದ್ದರು. ಅಂಕಿ ಏರಿದಷ್ಟೂ ಸಂಪರ್ಕ ಸೊರಗುತ್ತದೆ. ಎಂಬತ್ತು ದಾಟಿದರೆ ಮುಗಿಯಿತು. ಏಪ್ರಿಲ್ ಪೂರ್ತಿ ಐವತ್ತೆಂಟು, ಐವತ್ತೊಂಬತ್ತು. ಮೇ ಕೊನೆಗೆ ಅರವತ್ತನಾಲ್ಕು. ಜೂನ್ ಹದಿನೈದಕ್ಕೆ ಎಪ್ಪತ್ತು. ಪರದೆಯ ಮೇಲೆ ಮೇಷ್ಟ್ರು ಸಮೀಕರಣದ ನಡುವೆ ಬಾಯಿ ತೆರೆದವರು ಹಾಗೆಯೇ ನಿಂತುಬಿಡುತ್ತಿದ್ದರು. “ಮೇಷ್ಟ್ರು ಮತ್ತ ಕಲ್ಲಾದ್ರು!” ಎಂದು ಮಕ್ಕಳು ಕೂಗುತ್ತಿದ್ದರು. ಹುಲಿಗೆವ್ವ ಮಾತ್ರ ಪೆನ್ನು ಹಿಡಿದು, ಆ ತೆರೆದ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು. ನಾನು ಕೆಳಗಿನಿಂದ ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟೆ. ಎರಡು ದಿನ ನೋಡಿ ಹೇಳಿದಳು: “ಯಕ್ಕಾ, ಇದು ತಾನು ಹೇಳತೈತಿ. ನಾ ಕೇಳಿದ್ರ ಸುಮ್ಮನಿರತೈತಿ.” ಅವಳ ಸಂಶಯಗಳನ್ನು ಬಿಡಿಸುವಷ್ಟು ಗಣಿತ ನನಗೂ ಬರುತ್ತಿರಲಿಲ್ಲ.

ಖಾದರಲಿಂಗಪ್ಪ ಬಂದು ವೈರು ಬದಲಿಸಿದರು. ಮತ್ತೆ ಬಂದು ಡಬ್ಬಿ ಬದಲಿಸಿದರು. ಕಂಬಕ್ಕೆ ಮೂರಡಿ ಕೂಡಿಸಿದರು. “ಮಳಿಗಾಲ್ರಿ. ಮಳಿ ನಿಂತ್ರ ಸರಿ ಹೋಗತೈತಿ,” ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಜುಲೈ ಹತ್ತೊಂಬತ್ತರಂದು ಅಂಕಿ ಎಂಬತ್ತೆರಡು. ಪರದೆ ಕಪ್ಪಾಯಿತು. ಇಪ್ಪತ್ತೊಂದಕ್ಕೆ ಅವರು ಬಂದಾಗ ಹಟ್ಟಿಯ ಮೇಲೆ ಮೋಡ ಕುಳಿತಿತ್ತು. ಮನೆಗಳು, ದನಗಳು, ಬಾವಿಗೆ ಹೋಗುವ ಹೆಂಗಸರು, ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂತೆ ಅರ್ಧ ಕಾಣಿಸಿ ಅರ್ಧ ಕರಗುತ್ತಿದ್ದವು. ನಾನು ಡೈರಿ ತೆರೆದು ಅವರ ಮುಂದಿಟ್ಟೆ. ಒಂದು ಸಾಲಿನಲ್ಲಿ ದಿನ, ಪಕ್ಕದಲ್ಲಿ ಆ ದಿನ ಮಳೆ ಬಂತೋ ಇಲ್ಲವೋ, ಅದರ ಪಕ್ಕದಲ್ಲಿ ಅಂಕಿ. ಅವರು ಹೆಬ್ಬೆರಳನ್ನು ನಿಧಾನವಾಗಿ ಕೆಳಗೆ ಜಾರಿಸುತ್ತ ಓದಿದರು. ಮಳೆ ಬಾರದ ದಿನಗಳ ಮೇಲೆ ಬೆರಳು ನಿಲ್ಲುತ್ತಿತ್ತು. ಆ ದಿನಗಳಲ್ಲೂ ಅಂಕಿ ಏರಿತ್ತು. ಒಂದು ದಿನವೂ ಹಿಂದೆ ಬಂದಿರಲಿಲ್ಲ.

ಎದ್ದು ಅಂಗಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮೋಡ ಸರಿದು ಎದುರಿನ ಗುಡ್ಡ ತೆರೆದುಕೊಂಡಿತು. ಮಾರ್ಚಿನಲ್ಲಿ ಕೊಂಬೆಗಳ ಜಾಳಿಗೆಯಾಗಿದ್ದದ್ದು ಈಗ ಹಸಿರಿನ ಗೋಡೆ. ಎಲೆಯ ಮೇಲೆ ಎಲೆ, ಒಂದು ಬೆರಳು ತೂರುವಷ್ಟೂ ಜಾಗವಿಲ್ಲ. ಅವರು ಎಡಗಣ್ಣನ್ನು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಆ ಹೊತ್ತಿನಲ್ಲಿ ಮಾತ್ರ.

“ಮೇಡಂ, ನಾನು ಬ್ಯಾಸಿಗಿ ಗುಡ್ಡ ನೋಡಿದ್ನಿ,” ಎಂದರು. “ಗಣಿಯಾಗ ಗುಡ್ಡ ದಿನಾ ಕರಗತಿತ್ರಿ. ಇವತ್ತು ಕಂಡ ಲೈನು ನಾಳೆ ಇನ್ನಷ್ಟು ಚೆಂದ ಕಾಣತಿತ್ತು. ಇಪ್ಪತ್ತಾರು ವರ್ಷ ಅದನ್ನೇ ನೋಡೀನಿ. ಗುಡ್ಡ ಬೆಳೀತೈತಿ ಅನ್ನೂದು ನನ್ನ ತಲಿಗೇ ಬರಲಿಲ್ಲ.”

ಹುಣಸೆಮರದ ಕೆಳಗೆ ನಿಂತು ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಇಂಜಿನಿಯರು ಕೆಟ್ಟವರಲ್ಲ. ಮೆಲ್ಲಗೆ, ಉಪಾಯ ಹೇಳುವವರಂತೆ ಮಾತಾಡಿದರು: “ಮರ ಕಡಿಯೋಕೆ ಅರಣ್ಯದವರು ಬಿಡಲ್ಲ. ‘ಈ ಜಾಗಕ್ಕೆ ಸಾಧ್ಯವಿಲ್ಲ’ ಅಂತ ಒಂದು ಸಾಲು ಬರೀರಿ. ಡಿಶ್ ಬಿಚ್ಚಿ ಬೇರೆ ಹಳ್ಳಿಗೆ ಹಾಕೋಣ. ಯಾರ ಮೇಲೂ ಬರಲ್ಲ. ಅದು ಬಿಟ್ಟು ಸರ್ವೆ ತಪ್ಪಿತ್ತು ಅಂದ್ರೆ, ಅದಕ್ಕೆ ಸಹಿ ಹಾಕಿದವರು ನೀವೇ. ನಿಮ್ಮ ಗುತ್ತಿಗೆ ಸೆಪ್ಟೆಂಬರ್‌ಗೆ ಮುಗಿಯುತ್ತೆ, ನೋಡಿ.”

ಖಾದರಲಿಂಗಪ್ಪ ಫೋನನ್ನು ಜೇಬಿಗಿಟ್ಟು ಬೇರಿನ ಮೇಲೆ ಕುಳಿತರು. ಹುಲಿಗೆವ್ವ ಕೊಡ ಹೊತ್ತು ಬರುತ್ತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೊಡ ಇಳಿಸಿದಳು.

“ಅಣ್ಣಾರ, ಸಂಡೂರ ಕಡೆನೇ ಕಾಣಬೇಕೇನ್ರಿ? ಪಾಪಿನಾಯಕನಹಳ್ಳಿ ಕಂಡ್ರ ಆಗಂಗಿಲ್ಲೇನು?”

“ಅಲ್ಲೂ ನಮ್ಮ ಟವರ್ ಐತವ್ವ. ಆದ್ರ ಇಲ್ಲಿಂದ ಕಾಣಂಗಿಲ್ಲ. ನಾನು ಮೂರು ಕಡೆ ನಿಂತು ನೋಡೀನಿ.”

“ನೀವು ನಿಂತು ನೋಡೀರಿ. ಕುಂತು ನೋಡ್ರಿ.”

ಅವಳು ನಮ್ಮನ್ನು ಊರ ಹಿಂದಿನ ಬಂಡೆಯ ಬಳಿಗೆ ಕರೆದುಕೊಂಡು ಹೋದಳು. ಕೇಂದ್ರದಿಂದ ಆರುನೂರ ಎಂಬತ್ತು ಹೆಜ್ಜೆ. ಅಲ್ಲಿ ನಿಂತರೆ ಕಣ್ಣಿನ ಮುಂದೆ ಒಂದು ಆಲದ ಕೊಂಬೆ, ಅದರಾಚೆ ಆಕಾಶ, ಅಷ್ಟೇ. ಅವಳು ಸೀರೆ ಒತ್ತರಿಸಿಕೊಂಡು ಬಂಡೆಯ ಅಂಚಿನ ಒಂದು ತಗ್ಗಿನಲ್ಲಿ ಕುಳಿತಳು. ಆ ತಗ್ಗು ಅವಳಿಗೆಂದೇ ಆದಂತಿತ್ತು. ನಾವೂ ಕುಳಿತೆವು. ಕೊಂಬೆ ತಲೆಯ ಮೇಲಕ್ಕೆ ಹೋಯಿತು. ಕೆಳಗೆ ಕಡಿದಾದ ಇಳಿಜಾರು. ಅಲ್ಲಿ ಬೆಳೆದ ಮರಗಳ ತಲೆ ನಮ್ಮ ಪಾದಕ್ಕೂ ಎಟುಕುತ್ತಿರಲಿಲ್ಲ. ಆ ಕಿಂಡಿಯಾಚೆ, ಮಳೆಯಲ್ಲಿ ತೊಳೆದ ಬಯಲಿನ ಮೇಲೆ, ಕಬ್ಬಿನ ಹೊಲ, ಹೆಂಚಿನ ಮನೆಗಳು, ಒಂದು ಗುಡಿಯ ಬಿಳಿ ಶಿಖರ, ಅದರ ಪಕ್ಕದಲ್ಲಿ ಕೂದಲೆಳೆಯಂಥ ಟವರು. ಅಷ್ಟು ದೂರದಿಂದ ಎಲ್ಲವೂ ಯಾರೋ ಕಂಡ ಕನಸಿನಂತೆ ಚಿಕ್ಕದಾಗಿ, ಸದ್ದಿಲ್ಲದೆ ಇತ್ತು.

“ನನ್ನ ತವರು,” ಅಂದಳು ಹುಲಿಗೆವ್ವ. “ಮದಿವಿಯಾದ ವರ್ಷ ಆಷಾಢಕ್ಕ ಕರಿಯಾಕ ಯಾರೂ ಬರಲಿಲ್ರಿ. ಅಪ್ಪಗ ಹುಷಾರಿರಲಿಲ್ಲ. ಇಲ್ಲೇ ಕುಂತು ತವರು ಮಾಡಿದ್ನಿ. ಹದಿಮೂರು ವರ್ಷಾತು. ಬ್ಯಾಸಿಗ್ಯಾಗೂ ಕಾಣತೈತಿ, ಶ್ರಾವಣದಾಗೂ ಕಾಣತೈತಿ. ಮಂಜು ಬಿದ್ದಾಗ ಅರ್ಧ ತಾಸು ಕಾದ್ರ ಸಾಕು.”

ಖಾದರಲಿಂಗಪ್ಪ ತಗ್ಗಿನ ಅಂಚನ್ನು ಗೇಣಿನಿಂದ ಅಳೆದರು. ಎಲ್ಲವನ್ನೂ ಎತ್ತರಕ್ಕೆ ಏರಿಸುವುದೇ ಅವರ ಕಸುಬು. ಇಲ್ಲಿ ಡಿಶ್ ಇಡಬೇಕಾದದ್ದು ಕುಳಿತ ಹೆಂಗಸಿನ ಕಣ್ಣಿನ ಮಟ್ಟಕ್ಕೆ. ಕೊನೆಗೆ, ಮನೆಯ ಬಾಗಿಲಲ್ಲಿ ನಿಂತು ಏನೋ ಕೇಳುವವರಂತೆ ಕೇಳಿದರು: “ತಂಗೀ, ನಿನ್ನ ಜಾಗಾ ಕೊಡ್ತೀಯೇನು?”

“ಕೊಡ್ತೀನ್ರಿ. ಆದ್ರ ಒಂಚೂರು ಸರಿಸಿ ಹಾಕ್ರಿ. ಪಕ್ಕದಾಗ ನಾನೂ ಕುಂದರಬೇಕಲ್ಲ!”

ಅಂದು ಮಧ್ಯಾಹ್ನವೇ ಕೇಂದ್ರದ ಮೇಜಿನ ಮೇಲೆ ಕುಳಿತು ಅವರು ವರದಿ ಬರೆದರು. ದುಂಡಗಿನ, ಒತ್ತಿ ಬರೆದ ಅಕ್ಷರ. ಮೊದಲ ಸರ್ವೆಯಲ್ಲಿ ಆದ ತಪ್ಪು ತನ್ನದೇ, ಎಲೆ ಉದುರಿದ ಕಾಲದಲ್ಲಿ ನೋಡಿದ್ದರಿಂದ ಹೀಗಾಯಿತು, ಪಾಪಿನಾಯಕನಹಳ್ಳಿ ಕಡೆಗೆ ಒಳ್ಳೆಯ ಲೈನು ಸಿಕ್ಕಿದೆ, ಕೂಡಲೇ ಬದಲಿಸಬೇಕು. ಇದರ ಜೊತೆಗೆ ನನ್ನ ಡೈರಿಯ ಆ ಪುಟಗಳ ನಕಲನ್ನೂ ಲಗತ್ತಿಸುವುದಾಗಿ ಹೇಳಿದರು. ನನಗೆ ಅಳು ಬಂತು. ಬೇಡ, ‘ಸಾಧ್ಯವಿಲ್ಲ’ ಎಂದು ಇಂಜಿನಿಯರು ಹೇಳಿದಂತೆಯೇ ಬರೆಯಿರಿ, ಹುಲಿಗೆವ್ವನನ್ನು ನಾನು ಹೊಸಪೇಟೆಯಲ್ಲಿ ನಮ್ಮ ಮನೆಯಲ್ಲಿಟ್ಟುಕೊಂಡು ಓದಿಸುತ್ತೇನೆ ಎಂದೆ.

“ಆಕಿ ಮಕ್ಕಳನ್ನ ಯಾರು ನೋಡತಾರ್ರಿ? ಉಳಿದ ಹದಿಮೂರು ಹುಡುಗ್ರನ್ನ?” ಎಂದರು. ಅವರು ಹೆಸರಿನ ಕೆಳಗೆ ಗೆರೆ ಎಳೆದು ಪೆನ್ನು ಮುಚ್ಚಿದರು. “ಕೋಲು ಹಿಡದವ್ನು ತಾನು ನಿಂತಿದ್ದು ಎಲ್ಲಿ ಅಂತ ಸುಳ್ಳು ಹೇಳಬಾರ್ದು ಮೇಡಂ. ಆತ ಸುಳ್ಳು ಹೇಳಿದ್ರ ನಕ್ಷೆನೇ ಸುಳ್ಳಾಗತೈತಿ.”

ಕಂಪನಿ ಒಪ್ಪಿಗೆ ಕೊಟ್ಟ ಮೇಲೆ, ಆಗಸ್ಟ್ ಹದಿನಾಲ್ಕರಂದು ಹಟ್ಟಿಯ ಇಪ್ಪತ್ತಮೂರು ಜನ ಸೇರಿ ಸೋಲಾರ್ ಹಲಗೆಯನ್ನೂ ವೈರಿನ ಸುರುಳಿಗಳನ್ನೂ ಬಂಡೆಯವರೆಗೆ ಹೊತ್ತರು. ಹುಲಿಗೆವ್ವನನ್ನು ಕೆಣಕುತ್ತಿದ್ದ ಮಾವನೇ ಎಲ್ಲರಿಗಿಂತ ಮುಂದೆ. ಖಾದರಲಿಂಗಪ್ಪ ಹೊಟ್ಟೆಯ ಮೇಲೆ ಮಲಗಿ, ತಗ್ಗಿನಿಂದ ಒಂದು ಗೇಣು ಸರಿಸಿ, ಎರಡೂವರೆ ಅಡಿ ಎತ್ತರಕ್ಕೆ ಡಿಶ್ ಕೂರಿಸಿದರು. ಅಂಕಿ ಐವತ್ತೇಳು. ಸಂಜೆ ಮೇಷ್ಟ್ರು ಪರದೆಯಲ್ಲಿ ಕಾಣಿಸಿದ ಕೂಡಲೇ ಹುಲಿಗೆವ್ವ ನಮಸ್ಕಾರವನ್ನೂ ಹೇಳದೆ ಇಪ್ಪತ್ತಾರು ದಿನ ಕೂಡಿಟ್ಟ ಪ್ರಶ್ನೆಗಳನ್ನು ಕೇಳಲು ಶುರು ಮಾಡಿದಳು.

ಸೆಪ್ಟೆಂಬರಿನಲ್ಲಿ ಕಂಪನಿ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಡಿಶ್ ನೋಡಿಕೊಳ್ಳಲು ಬೇರೆ ಯಾರೋ ಬಂದರು. ಖಾದರಲಿಂಗಪ್ಪ ಹೇಳಿಹೋಗಲು ಬರಲಿಲ್ಲ.

ಹುಲಿಗೆವ್ವ ಮಾರ್ಚಿನಲ್ಲಿ ಪರೀಕ್ಷೆ ಬರೆದಳು. ಗಣಿತದಲ್ಲಿ ನಲವತ್ತನಾಲ್ಕು, ಒಟ್ಟಿನಲ್ಲಿ ಪಾಸು. ಜುಲೈಯಲ್ಲಿ ಅಂಗನವಾಡಿಯ ಬೀಗದ ಕೈ ಅವಳ ಸೆರಗಿನ ತುದಿಗೆ ಬಂತು. ಇದನ್ನು ಅವರಿಗೆ ತಿಳಿಸಬೇಕೆಂದು ನಾನು ಹುಡುಕಿದೆ. ಹಳೆಯ ನಂಬರು ಕೆಲಸ ಮಾಡುತ್ತಿರಲಿಲ್ಲ. ಹೊಸಪೇಟೆಯಲ್ಲಿ ಕೇಳಿ, ಅಲ್ಲಿಂದ ಇಲ್ಲಿಂದ ಸುಳಿವು ಹಿಡಿದು, ಆಗಸ್ಟ್ ಇಪ್ಪತ್ತರಂದು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಅವರನ್ನು ಕಂಡೆ. ಅದೇ ಕೊನೆಯ ಭೇಟಿ. ಮತ್ತೊಮ್ಮೆ ಹೋದಾಗ ಗಿರಣಿಯವರು, ಕೆಲಸ ಮುಗಿಸಿ ಆಂಧ್ರದ ಕಡೆ ಹೋದರು ಎಂದಷ್ಟೇ ಹೇಳಿದರು.

ಅಂದು ಅವರು ಏಣಿಯ ಮೇಲಿದ್ದರು. ಗೋಡೆಗೆ ಕ್ಯಾಮೆರಾ ಹಾಕುತ್ತಿದ್ದರು. ತಲೆ, ಹುಬ್ಬು, ಅಂಗಿಯ ತುಂಬ ತೌಡಿನ ಧೂಳು; ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಆ ಧೂಳು ಬಂಗಾರದ ಹಾಗೆ ತೇಲುತ್ತಿತ್ತು. ನನ್ನನ್ನು ನೋಡಿ ಇಳಿದು ಬಂದರು.

“ಬರ್ರಿ ಮೇಡಂ, ಬರ್ರಿ. ಈಗ ಇದೇ ಕೆಲಸ. ಈ ಗ್ವಾಡಿಯಿಂದ ಆ ಗ್ವಾಡಿ ಕಂಡ್ರ ಮುಗೀತು,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: “ಆಕಿ?”

ನಾನು ಫೋನು ತೆಗೆದು ಹುಲಿಗೆವ್ವನಿಗೆ ವಿಡಿಯೋ ಕರೆ ಮಾಡಿದೆ. ಎರಡನೆಯ ರಿಂಗಿಗೆ ಅವಳು ಬಂದಳು. ಅಂಗನವಾಡಿಯ ಅಂಗಳದಲ್ಲಿ ನಿಂತಿದ್ದಳು, ಕಂಕುಳಲ್ಲಿ ಯಾರದೋ ಕೂಸು, ಹಿಂದೆ ಮಕ್ಕಳ ಗದ್ದಲ. ಬಂಡೆಯ ಮೇಲಿನ ಡಿಶ್ಶಿನ ಸಂಪರ್ಕ ಅಲ್ಲಿಗೂ ಬಂದಿತ್ತು; ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಅವರನ್ನು ಕಂಡವಳಿಗೆ ಏನು ಹೇಳಬೇಕೋ ತಿಳಿಯದೆ, “ಅಣ್ಣಾರ, ಉಂಡ್ರೇನ್ರಿ?” ಎಂದಳು.

“ಉಂಡೆನವ್ವ,” ಎಂದರು. ಪಾಸಾದದ್ದನ್ನು ಕೇಳಲಿಲ್ಲ, ಅಂಕ ಕೇಳಲಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. “ತಂಗೀ, ಒಂಚೂರು ಸರಿ. ಎದುರಿನ ಗುಡ್ಡ ತೋರಸು.”

ಅವಳು ಫೋನು ತಿರುಗಿಸಿದಳು. ಶ್ರಾವಣದ ಮಳೆ ಕುಡಿದ ಗುಡ್ಡ ಪರದೆಯ ತುಂಬ ನಿಂತಿತು. ಹೋದ ವರ್ಷಕ್ಕಿಂತ ದಟ್ಟವಾಗಿ, ಮರದ ಹೆಗಲ ಮೇಲೆ ಮರ ಹತ್ತಿ, ಗಾಳಿಗೆ ಉಸಿರಾಡುವಂತೆ ಹಸಿರು ಏಳುತ್ತಿತ್ತು, ಬೀಳುತ್ತಿತ್ತು. ಗಿರಣಿಯ ಸದ್ದು ನಿಂತಂತೆ ನನಗನ್ನಿಸಿತು.

“ಎಷ್ಟು ಬೆಳದೈತಲ್ಲವ್ವಾ,” ಎಂದರು ಖಾದರಲಿಂಗಪ್ಪ. ಇನ್ನೂ ಸ್ವಲ್ಪ ಹೊತ್ತು ನೋಡಿದರು. “ಬೆಳೀಲಿ ಬಿಡು. ಬೆಳೀಲಿ.”